ಮದುವೆ ಮನೆಯ ಹಿಂದಿನ ಮೂರು ದಿನ: ಚಪ್ಪರದಿಂದ ಛತ್ರಕ್ಕೆ ಹೊರಡೋವರೆಗೂ ಏನೇನು, ಹೆಂಗೆಂಗೆ

ಮದುವೆ ಗೊತ್ತಾದ ತಕ್ಷಣ ಈಗ ಎಲ್ರೂ ಮೊದಲು ಓಡೋದು ಛತ್ರ ಬುಕ್ ಮಾಡೋಕೆ, ಆಮೇಲೆ ಕ್ಯಾಮೆರಾದವ್ರು, ಆಮೇಲೆ ಅಡುಗೆ ಭಟ್ರು, ಆಮೇಲೆ ಸೀರೆ. ಮನೇಲಿ ನಡೆಯೋ ಮೂರು ದಿನದ ಬಗ್ಗೆ ಯಾರೂ ಕೂತು ಯೋಚನೆ ಮಾಡಲ್ಲ, ಅದು ತಾನಾಗೇ ಆಗತ್ತೆ ಅನ್ಕೊಂಡಿರ್ತಾರೆ. ಆದ್ರೆ ನನ್ನ ತಂಗಿ ಮದುವೆ ಆಗಿ ಇಷ್ಟು ವರ್ಷ ಆದ್ಮೇಲೂ ಅವಳು ಮಾತಾಡೋದು ಚಪ್ಪರದ ಕೆಳಗೆ ಚಾಪೆ ಹಾಸ್ಕೊಂಡು ಎಲ್ರೂ ಸಾಲಾಗಿ ಮಲಗಿದ್ದ ರಾತ್ರಿ ಬಗ್ಗೆ, ಬಳೆಗಾರ ತಾತ ಅವಳ ಕೈ ಹಿಡಿದು ಬಳೆ ಏರಿಸ್ತಾ ಹೇಳಿದ ಮಾತಿನ ಬಗ್ಗೆ. ರಿಸೆಪ್ಷನ್ನಲ್ಲಿ ಯಾರ್ ಬಂದಿದ್ರು ಅಂತ ಆಲ್ಬಂ ನೋಡಿದ್ರೇನೇ ಅವಳಿಗೆ ಗೊತ್ತಾಗೋದು.

ನಾನು ಎರಡು ಮದುವೆ ಮನೆ ಜವಾಬ್ದಾರಿ ಹೊತ್ತಿದೀನಿ. ತಂಗೀದು ನಾಗಮಂಗಲದ ಹತ್ರ ನಮ್ಮ ಹಳ್ಳೀಲಿ, ದೊಡ್ಡಪ್ಪನ ಮಗಳದ್ದು ಬೆಂಗಳೂರಲ್ಲಿ 30-40 ಸೈಟಿನ ಮನೇಲಿ. ಜಾಗ ಬೇರೆ, ಕಷ್ಟ ಬೇರೆ, ಆದ್ರೆ ಎರಡರಲ್ಲೂ ನನಗೆ ಗೊತ್ತಾಗಿದ್ದು ಒಂದೇ, ಬಂದವ್ರ ಕೈಗೆ ಒಂದು ಕೆಲಸ ಸಿಕ್ಕಿದ್ರೆ ಅವ್ರು ಮನೆಯವ್ರಾಗ್ತಾರೆ, ಸಿಗ್ಲಿಲ್ಲ ಅಂದ್ರೆ ಕುರ್ಚಿ ಮೇಲೆ ಕೂತು ಫೋನ್ ನೋಡ್ತಾರೆ. ಕೆಳಗೆ ಬರ್ದಿರೋದೆಲ್ಲ ಇದರ ಸುತ್ತನೇ ಸುತ್ತೋದು. ಪದ್ಧತಿ ನಮ್ಮ ಮಂಡ್ಯ ಹಾಸನ ಕಡೇದು, ನಿಮ್ಮನೇದು ಬೇರೆ ಇದ್ರೆ ಅದನ್ನೇ ಮಾಡಿ, ಕೆಲಸ ಜೋಡಿಸೋ ರೀತಿ ಮಾತ್ರ ಎಲ್ರಿಗೂ ಆಗತ್ತೆ.

ಮೊದಲನೇ ಕೆಲಸ: ದಿನ ಜೋಡಿಸ್ಕೊಳ್ಳಿ

ನಮ್ಮ ಕಡೆ ಮುಹೂರ್ತ ಭಾನುವಾರ ಅಂದ್ರೆ ಶನಿವಾರ ಸಂಜೆನೇ ಛತ್ರದಲ್ಲಿ ವರಪೂಜೆ, ರಿಸೆಪ್ಷನ್. ಅಂದ್ರೆ ಶನಿವಾರ ಮಧ್ಯಾಹ್ನಕ್ಕೆ ಮನೆ ಬಿಡ್ಬೇಕು. ಹಾಗಾಗಿ ಮನೇಲಿ ನಿಮಗೆ ಸಿಗೋದು ಗುರುವಾರ, ಶುಕ್ರವಾರ, ಶನಿವಾರ ಬೆಳಗ್ಗೆ ಇಷ್ಟೇ. ಇದನ್ನ ನಾವು ಹೀಗೆ ಹಂಚ್ಕೊಂಡ್ವಿ: ಗುರುವಾರ ಬೆಳಗ್ಗೆ ಚಪ್ಪರ, ಸಂಜೆ ಮನೆದೇವ್ರ ಪೂಜೆ. ಶುಕ್ರವಾರ ಬೆಳಗ್ಗೆ ಅರಿಶಿನ, ಊಟ ಆದ್ಮೇಲೆ ಬಳೆ, ನಾಲ್ಕು ಗಂಟೆಯಿಂದ ಮೆಹಂದಿ, ರಾತ್ರಿ ಹಾಡು. ಶನಿವಾರ ಬೆಳಗ್ಗೆ ಏನೂ ಇಟ್ಕೊಳ್ಳಬೇಡಿ, ಬರೀ ಪ್ಯಾಕಿಂಗ್, ಸ್ನಾನ, ಊಟ, ಹೊರಡೋದು.

ಈ ಕ್ರಮ ಸುಮ್ನೆ ಹಾಕಿದ್ದಲ್ಲ. ಅರಿಶಿನ ಮೊದಲು, ಮೆಹಂದಿ ಆಮೇಲೆ. ತಂಗಿ ಮದುವೇಲಿ ನಾವು ಗುರುವಾರ ರಾತ್ರಿನೇ ಮೆಹಂದಿ ಹಾಕಿಸಿ ಶುಕ್ರವಾರ ಬೆಳಗ್ಗೆ ಅರಿಶಿನ ಎಣ್ಣೆ ಹಚ್ಚಿ ಕಡ್ಲೆಹಿಟ್ಟಲ್ಲಿ ಉಜ್ಜಿ ಸ್ನಾನ ಮಾಡ್ಸಿದ್ವಿ, ಬಣ್ಣ ಸರಿಯಾಗಿ ಕೂರೋಕೆ ಮುಂಚೆನೇ ಅರ್ಧ ಹೋಗಿ ಮುಹೂರ್ತದ ಹೊತ್ತಿಗೆ ಮಾಸಲು ಕಿತ್ತಳೆ ಬಣ್ಣ ಉಳೀತು, ಅವಳು ಅತ್ತೇಬಿಟ್ಳು. ನಿಜವಾದ ಮೆಹಂದಿ ಬಣ್ಣ ತೆಗೆದ ತಕ್ಷಣ ತಿಳಿ ಕಿತ್ತಳೆ ಇರತ್ತೆ, ಪೂರ್ತಿ ಕಡು ಬಣ್ಣಕ್ಕೆ ತಿರುಗೋಕೆ 24ರಿಂದ 48 ಗಂಟೆ ಬೇಕು. ಶುಕ್ರವಾರ ಸಂಜೆ ಹಾಕಿದ್ರೆ ಭಾನುವಾರ ಬೆಳಗ್ಗೆ ಮುಹೂರ್ತಕ್ಕೆ ಸರಿಯಾಗಿ ಬಣ್ಣ ಏರಿರತ್ತೆ.

ಚಪ್ಪರದ ದಿನ ಮಾತ್ರ ನೀವೇ ತೀರ್ಮಾನ ಮಾಡಬೇಡಿ. ಮುಹೂರ್ತಕ್ಕೆ ಮೂರು ದಿನ ಮುಂಚೆನಾ ಐದು ದಿನಾನಾ, ಯಾವ ವಾರ ಆಗಲ್ಲ, ಇದೆಲ್ಲ ಒಂದೊಂದು ಮನೇಲಿ ಒಂದೊಂದು ಥರ. ಕಾರ್ಡ್ ಪ್ರಿಂಟಿಗೆ ಕೊಡೋಕೆ ಮುಂಚೆ ಒಂದಿನ ಅಜ್ಜಿ ಅಥವಾ ದೊಡ್ಡಮ್ಮನ ಹತ್ರ ನೋಟ್‌ಬುಕ್ ಹಿಡ್ಕೊಂಡು ಕೂತ್ಕೊಳ್ಳಿ, ಫೋನಲ್ಲಿ ಕೇಳಿದ್ರೆ ಅರ್ಧ ಮರೀತಾರೆ, ಎದುರಿಗೆ ಕೂತು ಕಾಫಿ ಕುಡೀತಾ ಕೇಳಿದ್ರೆ ಒಂದೊಂದಾಗಿ ಬರತ್ತೆ, ಒನಕೆಗೆ ಅರಿಶಿನ ಕಟ್ಟಬೇಕು, ಐರಣೆ ಗಡಿಗೆ (ಮದುವೆ ಶಾಸ್ತ್ರಕ್ಕೆ ಇಡೋ ಮಡಕೆ) ತರೋಕೆ ಕುಂಬಾರರ ಮನೆಗೆ ಯಾರ್ ಹೋಗ್ಬೇಕು, ಮೊದಲನೇ ಕಂಬ ಯಾರ್ ಹಿಡೀಬೇಕು ಅಂತ. ನಮ್ಮಜ್ಜಿ ಹೇಳಿದ್ದು ಹನ್ನೊಂದು ಪುಟ ಆಯ್ತು.

ಗಂಡಿನ ಕಡೆಯವ್ರು ಬೇರೆ ಸೀಮೆಯವ್ರಾದ್ರೆ ಅವ್ರ ಮನೆ ಕಾರ್ಯಗಳನ್ನೂ ಕೇಳ್ಕೊಳ್ಳಿ. ಉತ್ತರ ಕರ್ನಾಟಕದವ್ರಲ್ಲಿ ಸುರಗಿ ಸುತ್ತೋದು ಅಂತಿದೆ, ನಾಲ್ಕು ಮೂಲೇಲಿ ತಂಬಿಗೆ ಇಟ್ಟು ಸುತ್ತ ನೂಲು ಸುತ್ತಿ ಮಧ್ಯದಲ್ಲಿ ಕೂರಿಸಿ ಎಣ್ಣೆ ಅರಿಶಿನ ಹಚ್ಚಿ ನೀರು ಹಾಕ್ತಾರೆ. ಮಂಗಳೂರು ಕಡೆ ಕ್ರಿಶ್ಚಿಯನ್ನರ ಮನೇಲಿ ಹಿಂದಿನ ದಿನ ರೋಸ್ ಅನ್ನೋ ಶಾಸ್ತ್ರ, ಅಂದ್ರೆ ತೆಂಗಿನ ಹಾಲು, ಎಣ್ಣೆ ಹಚ್ಚೋದು. ಕರಾವಳೀಲಿ ಮದರಂಗಿ ರಾತ್ರಿನೇ ದೊಡ್ಡ ಹಬ್ಬ. ಕೊಡಗಲ್ಲಂತೂ ಹಿಂದಿನ ದಿನಕ್ಕೆ ಊರ್‌ಕೂಡುವ ಅಂತಲೇ ಹೆಸರು, ಊರವ್ರು ಕೂಡಿ ಮದುವೆ ಮನೆ ಕೆಲಸಕ್ಕೆ ಕೈ ಹಾಕೋದು. ಸಾಗರದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಅಂತ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಮಾಡ್ಕೊಂಡು ಹಸೆ ಚಿತ್ತಾರ ಬರೀತಾರೆ. ಎಲ್ಲಾ ಕಡೇನೂ ನೋಡಿ, ನಾಲ್ಕು ಜನ ಸೇರಿ ಕೈಯಾರೆ ಮಾಡೋ ಕೆಲಸನೇ ಅಲ್ಲಿ ಸಂಭ್ರಮ.

ಕರೆಯೋವಾಗಲೇ ಕೆಲಸ ಕೊಡಿ

ಕಾರ್ಡ್ ಕೊಟ್ಟು "ಮದುವೆಗೆ ಬನ್ನಿ" ಅಂದ್ರೆ ಜನ ರಿಸೆಪ್ಷನ್‌ಗೇ ಬರೋದು, ಅದ್ರಲ್ಲಿ ಅವ್ರ ತಪ್ಪಿಲ್ಲ. ಹತ್ತಿರದವ್ರಿಗೆ ಬೇರೆ ಥರ ಕರೀಬೇಕು. "ಅತ್ತೆ, ಗುರುವಾರ ಬೆಳಗ್ಗೆ ಎಂಟಕ್ಕೆಲ್ಲ ಬಂದ್ಬಿಡಿ, ರಂಗೋಲಿ ನಿಮ್ಮದೇ" ಅಂತ ಕರೆದ್ರೆ ಅತ್ತೆ ಏಳಕ್ಕೇ ಬರ್ತಾರೆ, ರಂಗೋಲಿ ಪುಡಿನೂ ಅವ್ರೇ ತರ್ತಾರೆ. ನಾನು ನೋಟ್‌ಬುಕ್ಕಲ್ಲಿ ಒಬ್ಬೊಬ್ಬರಿಗೆ ಒಂದು ಪುಟ ಬಿಟ್ಟು ಮೇಲೆ ಹೆಸರು, ಕೆಳಗೆ ಅವ್ರ ಕೆಲಸ, ಯಾವಾಗ ಬರ್ತಾರೆ, ಎಲ್ಲಿ ಮಲಗ್ತಾರೆ ಅಂತ ಬರ್ಕೊಂಡೆ.

ಎಲ್ಲಕ್ಕಿಂತ ಮುಖ್ಯ ಅಂತ ನನಗನ್ಸಿದ್ದು ನಾಲ್ಕು ಕೆಲಸ, ಇದಕ್ಕೆ ಜನ ಮೊದಲು ಹುಡುಕಿ. ಬೀರು ಕೀ ಇಟ್ಕೊಳ್ಳೋರು ಒಬ್ರೇ ಒಬ್ರು ಇರ್ಬೇಕು, ಅವ್ರು ಕೀನ ಸೊಂಟಕ್ಕೆ ಸಿಕ್ಕಿಸ್ಕೊಂಡೇ ಓಡಾಡ್ಬೇಕು. ಚಿಲ್ಲರೆ ದುಡ್ಡಿನ ಚೀಲ ಹಿಡಿಯೋರು ಇನ್ನೊಬ್ರು, ಅದ್ರಲ್ಲಿ 10, 20, 50, 100ರ ನೋಟು ಬೇರೆ ಬೇರೆ ಮಾಡಿಟ್ಟು, ಯಾರಿಗೆ ಎಷ್ಟು ಕೊಟ್ರಿ ಅಂತ ಬರೀಬೇಕು, ಆಟೋದವ್ರಿಗೆ, ಹೂವಿನವ್ರಿಗೆ, ವಾಲಗದವ್ರಿಗೆ ಅಂತ ಪ್ರತಿ ಹತ್ತು ನಿಮಿಷಕ್ಕೂ ಅಪ್ಪನ್ನ ಕೂಗೋದು ತಪ್ಪತ್ತೆ. ಮೂರನೇದು ಕಾಫಿ. ನಾಲ್ಕನೇದು ಹುಡುಗಿ ಜೊತೆ ಇರೋರು, ಇದು ಅವಳ ಅತಿ ಹತ್ತಿರದ ಗೆಳತಿ ಅಥವಾ ಅತ್ತಿಗೆ ಆಗಿರ್ಲಿ, ಅವಳ ಫೋನ್ ಇವ್ರ ಕೈಲಿ, ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡ್ಸೋದು, ಬಂದವ್ರು ಮಾತಾಡಿಸ್ತಾ ಸುಸ್ತು ಮಾಡಿದ್ರೆ ಒಳಗೆ ಕರ್ಕೊಂಡು ಹೋಗಿ ಅರ್ಧ ಗಂಟೆ ಮಲಗ್ಸೋದು ಇವ್ರ ಕೆಲಸ. ಗಂಡಿನ ಮನೇಲೂ ಹುಡುಗನಿಗೆ ಒಬ್ರು ಹೀಗೆ ಬೇಕು, ಅವನನ್ನ ಎಲ್ರೂ ಮೂಟೆ ಹೊರೋಕೆ ಕಳಿಸಿ ಮದುವೆ ದಿನ ಜ್ವರ ಬರ್ಸ್ಕೊಂಡಿರೋದು ನೋಡಿದೀನಿ.

ಮಕ್ಕಳಿಗೂ ಕೆಲಸ ಕೊಡಿ, ಹೂವು ಬಿಡಿಸೋದು, ಬಂದವ್ರಿಗೆ ನೀರು ಕೊಡೋದು, ಚಪ್ಪಲಿ ಸಾಲಾಗಿ ಜೋಡಿಸೋದು. ಆಫೀಸ್ ಫ್ರೆಂಡ್ಸು ಬರ್ತಾರಲ್ಲ, ಅವ್ರಿಗೆ ಶಾಸ್ತ್ರ ಗೊತ್ತಿಲ್ಲ ಅಂತ ದೂರ ಕೂರಿಸಬೇಡಿ, ತೋರಣ ಕಟ್ಟೋಕೆ ಕೂರ್ಸಿ. ನಮ್ಮನೇಲಿ ಬೇರೆ ರಾಜ್ಯದಿಂದ ಬಂದ ಇಬ್ರು ಹುಡುಗೀರು ಅಜ್ಜಿ ಹತ್ರ ಕೂತು ಮಾವಿನೆಲೆ ಮಡಚಿ ಕಡ್ಡಿ ಚುಚ್ಚೋದು ಕಲ್ತು ಒಂದೇ ಬೆಳಗ್ಗೆ ಇಡೀ ಮನೆಗೆ ತೋರಣ ಮಾಡಿದ್ರು, ಅಜ್ಜಿಗೆ ಅವ್ರ ಭಾಷೆ ಬರಲ್ಲ, ಅವ್ರಿಗೆ ಅಜ್ಜೀದು ಬರಲ್ಲ, ಕೈಯಲ್ಲೇ ಮಾತು.

ಚಪ್ಪರ

ಹಳ್ಳೀಲಿ ಚಪ್ಪರ ಅಂದ್ರೆ ಅಣ್ಣತಮ್ಮಂದಿರು ಸೇರಿ ಹಾಕೋದು, ಬೆಳಕು ಹರಿಯೋಕೆ ಮುಂಚೆ ಎತ್ತಿನಗಾಡಿನೋ ಟ್ರ್ಯಾಕ್ಟರೋ ತಗೊಂಡು ಹೋಗಿ ತೆಂಗಿನ ಗರಿ, ಹೊಂಗೆ ಸೊಪ್ಪು, ನೇರಳೆ ಸೊಪ್ಪು, ಬಾಳೆಕಂಬ ತರ್ತಾರೆ. ಮೊದಲು ನಿಲ್ಸೋದು ಹಾಲುಗಂಬ, ಅತ್ತಿ ಥರ ಹಾಲು ಬರೋ ಜಾತಿ ಮರದ ಕೊಂಬೆ, ನಮ್ಮಲ್ಲಿ ಅದನ್ನ ತರೋದು ಸೋದರಮಾವ. ಗುಂಡೀಗೆ ಹಾಲು ತುಪ್ಪ ಬಿಟ್ಟು, ನವಧಾನ್ಯ ಕಾಸು ಹಾಕಿ, ಕಂಬಕ್ಕೆ ಅರಿಶಿನದ ಬಟ್ಟೇಲಿ ನವಧಾನ್ಯದ ಗಂಟು ಮಾವಿನೆಲೆ ಕಟ್ಟಿ ಐದು ಜನ ಹೆಂಗಸ್ರು ಪೂಜೆ ಮಾಡ್ತಾರೆ. ಅದಾದ್ಮೇಲೇನೇ ಬೇರೆ ಕಂಬ.

ಬೆಂಗಳೂರಲ್ಲಿ ಇದು ಆಗಲ್ಲ ಅಂತ ಬಿಟ್ಬಿಡೋರೇ ಜಾಸ್ತಿ, ಬಿಡಬೇಡಿ. ನಾವು ಶಾಮಿಯಾನದವ್ರಿಗೆ ಕಬ್ಬಿಣದ ಪೈಪಿನ ಚೌಕಟ್ಟು ಮಾತ್ರ ಹಾಕೋಕೆ ಹೇಳಿ, ಮೇಲಿನ ಬಟ್ಟೆ ಬೇಡ ಅಂದು, ಊರಿಂದ ಬರೋ ಮಾವನ ಗಾಡೀಲಿ ಗರಿ ಸೊಪ್ಪು ತರ್ಸಿದ್ವಿ. ನೆಲ ಕಾಂಕ್ರೀಟು, ಅಗೆಯೋಕಾಗಲ್ಲ, ಅದಕ್ಕೆ ಒಂದು ಹಳೇ ಬಕೆಟ್ಟಿಗೆ ಮಣ್ಣು ತುಂಬಿ ಅದ್ರಲ್ಲಿ ಹಾಲುಗಂಬ ನೆಟ್ಟು ಪೈಪಿಗೆ ಕಟ್ಟಿದ್ವಿ. ಅಜ್ಜಿ ಒಪ್ಪಿದ್ರು. ಪುರೋಹಿತರೂ ಒಪ್ಪಿದ್ರು.

ಏಪ್ರಿಲ್ ಮೇ ಮದುವೆ ಆದ್ರೆ ಸಂಜೆ ಹೊತ್ತು ಗುಡುಗು ಮಳೆ ಬಂದೇ ಬರತ್ತೆ ಅಂತಲೇ ಇಟ್ಕೊಳ್ಳಿ. ಗರಿ ಮೇಲೆ ಟಾರ್ಪಾಲ್ ಹಾಕಿ, ಮನೆ ಕಡೆ ಎತ್ತರ ರಸ್ತೆ ಕಡೆ ತಗ್ಗು ಇರೋ ಹಾಗೆ ಇಳಿಜಾರು ಕೊಡಿ, ಮಧ್ಯ ಜೋತುಬಿದ್ರೆ ನೀರು ನಿಂತು ಚಪ್ಪರನೇ ಕೂರತ್ತೆ. ಸೀರಿಯಲ್ ಸೆಟ್ಟಿಗೆ ಮನೆ ಮೀಟರ್‌ನಿಂದ ಎಳೆಯೋದಾದ್ರೂ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ, ಜಾಯಿಂಟುಗಳು ಹಸಿ ಸೊಪ್ಪಿಗಾಗ್ಲಿ ಕಬ್ಬಿಣದ ಪೈಪಿಗಾಗ್ಲಿ ತಾಕಬಾರ್ದು. ರಸ್ತೆಗೆ ಚಾಚೋ ಹಾಗಿದ್ರೆ ಮೊದಲೇ ಪೊಲೀಸ್ ಸ್ಟೇಷನ್ನಲ್ಲಿ ಕೇಳಿ ಅನುಮತಿ ತಗೊಳ್ಳಿ, ಅಕ್ಕಪಕ್ಕದ ಮನೆಗೆ ನೀವೇ ಹೋಗಿ ಕುಂಕುಮ ಕೊಟ್ಟು ಕರೆದು ಗಾಡಿ ತೆಗೆಯೋಕೆ ತೊಂದ್ರೆ ಆಗತ್ತೆ ಅಂತ ಹೇಳಿ. ಅಪಾರ್ಟ್‌ಮೆಂಟಲ್ಲಿ ಇರೋರು ಬಾಗಿಲ ಮುಂದೆ ನಾಲ್ಕು ಬಾಳೆಕಂಬ ಕಟ್ಟಿ ಹಾಲುಗಂಬದ ಬಕೆಟ್ ಇಟ್ರೂ ಸಾಕು, ಲಿಫ್ಟ್ ದಾರಿ ಬಿಟ್ಟಿರ್ಬೇಕು ಅಷ್ಟೇ.

ಅರಿಶಿನ

ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಈಗ ಜಾಸ್ತಿ ಹಾಳಾಗಿರೋದು ಇದೇ. ಅಂಗಡಿ ಪ್ಯಾಕೆಟ್ ಪುಡಿ ಬಕೆಟ್ಟಲ್ಲಿ ಕಲಸಿ ಎರಚಾಡೋದು ನೋಡಿದೀನಿ, ಒಂದ್ಸಲ ನಮ್ಮ ನೆಂಟರ ಹುಡುಗಿ ಮುಖ ಪೂರ್ತಿ ಕೆಂಪಗೆ ದದ್ದು ಎದ್ದು ಡಾಕ್ಟರ್ ಹತ್ರ ಓಡ್ಬೇಕಾಯ್ತು. ಕಲಬೆರಕೆ ಅರಿಶಿನಪುಡೀಲಿ ಮೆಟಾನಿಲ್ ಯೆಲ್ಲೋ, ಲೆಡ್ ಕ್ರೋಮೇಟ್ ಥರದ ಬಣ್ಣ ಸೇರಿರೋದು ಉಂಟು. ಅದಕ್ಕೇ ಪುಡಿ ಬೇಡ, ಅರಿಶಿನದ ಕೊಂಬು ತನ್ನಿ. ನಮ್ಮ ಚಾಮರಾಜನಗರ ಕಡೆ ಬೇಕಾದಷ್ಟು ಬೆಳೀತಾರೆ. ನಾಲ್ಕೈದು ದಿನ ಮುಂಚೆ ಐದು ಜನ ಸೇರಿ ಒನಕೆಗೆ ಅರಿಶಿನದ ಕೊಂಬು ಕಟ್ಟಿ ಪೂಜೆ ಮಾಡಿ ಒರಳಲ್ಲಿ ಕುಟ್ಟೋದೇ ಒಂದು ಶಾಸ್ತ್ರ, ಆಗ ಸೋಬಾನೆ ಹಾಡೋರು. ಒರಳು ಇಲ್ದಿದ್ರೆ ಶಾಸ್ತ್ರಕ್ಕೆ ಎರಡು ಏಟು ಕುಟ್ಟಿ ಆಮೇಲೆ ಮಿಷನ್ನಿಗೆ ಹಾಕಿಸಿ ಸೀರೆ ಬಟ್ಟೇಲಿ ಜರಡಿ ಹಿಡೀರಿ. ಮೂವತ್ತು ನಲವತ್ತು ಜನಕ್ಕೆ ಕಾಲು ಕೆಜಿ ಪುಡಿ ಧಾರಾಳ.

ಕಲಸೋಕೆ ಹಾಲು ಅಥವಾ ಕೊಬ್ಬರಿ ಎಣ್ಣೆ, ಸ್ವಲ್ಪ ಕಡ್ಲೆಹಿಟ್ಟು. ಗಂಧ ಇದ್ರೆ ತೇಯ್ದು ಹಾಕಿ. ನಿಂಬೆರಸ ಬೇಡ, ಬಿಸಿಲಿಗೆ ಹೋದ್ರೆ ಉರಿ ಬರತ್ತೆ. ಒಂದು ವಾರ ಮುಂಚೆ ಇದೇ ಮಿಶ್ರಣನ ಹುಡುಗಿ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಹುಡುಗನಿಗೂ ನೋಡಿ, ಗಂಡಸ್ರಿಗೆ ಶೇವ್ ಮಾಡಿದ ಮುಖಕ್ಕೆ ಹಚ್ಚಿದ್ರೆ ಚೆನ್ನಾಗಿ ಉರಿಯತ್ತೆ.

ಶಾಸ್ತ್ರ ಹೀಗೆ: ಬೆಳಗ್ಗೆ ಒಂಬತ್ತರ ಒಳಗೆ, ಬಿಸಿಲು ಏರೋಕೆ ಮುಂಚೆ, ಹಸೆ ಬರೆದು ಮಣೆ ಹಾಕಿ ಪೂರ್ವಕ್ಕೆ ಮುಖ ಮಾಡಿ ಕೂರ್ಸೋದು. ಒಬ್ಬೊಬ್ರೇ ಬಂದು ಗರಿಕೆ ಕಟ್ಟನ್ನ ಎಣ್ಣೇಲಿ ಅದ್ದಿ ಪಾದ, ಮಂಡಿ, ಭುಜ, ತಲೆಗೆ ಮುಟ್ಟಿಸಿ, ಆಮೇಲೆ ಕೆನ್ನೆಗೂ ಕೈಗೂ ಅರಿಶಿನ ಹಚ್ಚಿ, ಅಕ್ಷತೆ ಹಾಕಿ, ಕೊನೇಲಿ ಆರತಿ. ಆರತಿ ತಟ್ಟೆ ನೀರಿಗೆ ಅರಿಶಿನ ಹಾಕಿ ಚಿಟಿಕೆ ಸುಣ್ಣ ಬಿಟ್ರೆ ಕೆಂಪಗೆ ತಿರುಗತ್ತಲ್ಲ, ಅದನ್ನ ಮಕ್ಕಳ ಎದುರಿಗೇ ಮಾಡಿ, ಅವ್ರು ಕಣ್ಣರಳಿಸಿ ನೋಡ್ತಾರೆ. ಇದೇ ಕಾರಣಕ್ಕೆ ಅರಿಶಿನ ಆದ ಬಟ್ಟೆಗೆ ಸೋಪ್ ಹಾಕಿದ ತಕ್ಷಣ ಕಲೆ ಕೆಂಪಾಗತ್ತೆ, ಗಾಬರಿ ಬೀಳಬೇಡಿ, ಒಗೆದು ಒಳ್ಳೇ ಬಿಸಿಲಿಗೆ ಎರಡು ಮೂರು ದಿನ ಹಾಕಿ, ಕಲೆ ತಾನಾಗೇ ಮಾಸತ್ತೆ. ಎಲ್ರೂ ಹಳದಿ ಬಟ್ಟೇಲಿ ಬರ್ಲಿ ಅನ್ನೋ ಆಸೆ ಇದ್ರೆ ಸರಿ, ಫೋಟೋ ಚೆನ್ನಾಗಿ ಬರತ್ತೆ, ಆದ್ರೆ ಹಳ್ಳಿಯಿಂದ ಬರೋ ಅತ್ತೆಗೆ ಅದಕ್ಕೋಸ್ಕರ ಹೊಸ ಸೀರೆ ತಗೋ ಅನ್ನಬೇಡಿ, ಹಳೇ ಕಾಟನ್ ಸೀರೆ ಉಟ್ಕೊಂಡು ಬನ್ನಿ ಅಂತ ಹೇಳಿ.

ಇನ್ನೊಂದು ಮಾತು, ಇದು ನನ್ನ ಮನಸ್ಸಲ್ಲಿ ತುಂಬಾ ದಿನದಿಂದ ಇರೋದು. ಅರಿಶಿನ ಹಚ್ಚೋಕೆ ಮುತ್ತೈದೆಯರನ್ನೇ ಕರೆಯೋದು ಪದ್ಧತಿ. ನಮ್ಮ ಚಿಕ್ಕಮ್ಮನಿಗೆ ಮೂವತ್ತೈದಕ್ಕೇ ಗಂಡ ಹೋದ್ರು. ನಮ್ಮಿಬ್ರನ್ನೂ ಎತ್ತಿ ಆಡ್ಸಿದವ್ರು ಅವ್ರೇ, ಅಮ್ಮ ಕೆಲಸಕ್ಕೆ ಹೋದಾಗ ತಂಗಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ತಿದ್ದವ್ರು ಅವ್ರೇ. ಬೇರೆ ಮದುವೆಗಳಲ್ಲಿ ಶಾಸ್ತ್ರದ ಹೊತ್ತಿಗೆ ಅವ್ರು ತಾವಾಗೇ ಅಡುಗೆಮನೆಗೆ ಹೋಗ್ಬಿಡೋರು, ಯಾರೂ ಹೋಗಿ ಅನ್ನೋರಲ್ಲ, ಇರಿ ಅಂತಾನೂ ಅನ್ನೋರಲ್ಲ. ತಂಗಿ ಮದುವೆಗೆ ತಿಂಗಳು ಮುಂಚೆನೇ ಅಮ್ಮ ಅಜ್ಜಿ ಹತ್ರ ಕೂತು ಮಾತಾಡಿದ್ರು, ಮೊದಲನೇ ಅರಿಶಿನ ಅವಳೇ ಹಚ್ಚಬೇಕು ಅಂತ. ಅಜ್ಜಿ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಬೆಳಗ್ಗೆ "ಅವಳು ಸಾಕಿದ ಮಗು ತಾನೇ, ಹಚ್ಚಲಿ" ಅಂದ್ರು. ನಿಮ್ಮನೇಲೂ ಹೀಗೆ ಯಾರಾದ್ರೂ ಇರ್ತಾರೆ. ದಯವಿಟ್ಟು ಇದನ್ನ ಮುಂಚೆನೇ ಮಾತಾಡಿ, ಅವತ್ತು ಎಲ್ರ ಎದುರಿಗೆ "ಬನ್ನಿ ಬನ್ನಿ" ಅಂತ ಎಳೆದ್ರೆ ಯಾರೋ ಒಬ್ರು ಏನೋ ಅಂದು ಅವ್ರಿಗೇ ನೋವಾಗೋದು. ಹಿರಿಯರು ಒಪ್ಪಿದ್ಮೇಲೆ ಅವ್ರಿಗೂ ಮೊದಲೇ ಹೇಳಿ, ಸೀರೆನೂ ಎಲ್ರಿಗೂ ತಂದ ಹಾಗೇ ತನ್ನಿ. ಚಿಕ್ಕಮ್ಮ ಅವತ್ತು ಕೈ ನಡುಗ್ತಾ ಹಚ್ಚಿದ ಅರಿಶಿನದ ಫೋಟೋ ತಂಗಿ ತನ್ನ ಮನೆ ಹಾಲಲ್ಲಿ ಹಾಕ್ಕೊಂಡಿದಾಳೆ.

ಬಳೆ

ಬಳೆಗಾರರಿಗೆ ಹದಿನೈದು ದಿನ ಮುಂಚೆನೇ ಹೇಳಿ, ಮುಹೂರ್ತದ ದಿನಗಳಲ್ಲಿ ಅವ್ರು ಸಿಗಲ್ಲ. ಮನೆಗೇ ಬರ್ಲಿ, ಅಂಗಡಿಯಿಂದ ಡಬ್ಬಿ ತಂದು ಹಾಕ್ಕೊಳ್ಳೋದರಲ್ಲಿ ಏನೂ ಇಲ್ಲ. ಬಳೆ ಮಲಾರಕ್ಕೆ, ಅಂದ್ರೆ ಅವ್ರು ತರೋ ಬಳೆ ಗಂಟಿಗೆ, ಪೂಜೆ ಮಾಡಿ, ಹುಡುಗಿಗೆ ಹಸಿರು ಗಾಜಿನ ಬಳೆ, ಆಮೇಲೆ ಬಂದ ಪ್ರತಿಯೊಬ್ಬ ಹೆಂಗಸ್ರಿಗೂ ಹೆಣ್ಮಕ್ಕಳಿಗೂ, ಮನೆಕೆಲಸಕ್ಕೆ ಬರೋ ಅಕ್ಕನಿಗೂ. ಬಳೆಗಾರರಿಗೆ ಮೊದಲೇ ಅಂದಾಜು ಜನ ಹೇಳಿ, ದೊಡ್ಡವ್ರಿಗೆ 2.4, 2.6, 2.8 ಸೈಜು ಜಾಸ್ತಿ ಬೇಕಾಗತ್ತೆ, ಚಿಕ್ಕ ಮಕ್ಕಳದ್ದು ಬೇರೆ ತರೋಕೆ ನೆನಪಿಸಿ. ಹುಡುಗಿ ಕೈಗೆ ಸ್ವಲ್ಪ ಬಿಗಿಯಾದ ಸೈಜೇ ಏರಿಸ್ತಾರೆ, ಅವಳ ಕೈ ಗಟ್ಟಿ ಇದ್ರೆ ಸ್ವಲ್ಪ ಎಣ್ಣೆ ಹಚ್ಚಿ, ಆದ್ರೆ ಮುಗಿದ ಮೇಲೆ ಕಡ್ಲೆಹಿಟ್ಟಲ್ಲಿ ಅಂಗೈ ಮುಂಗೈ ಎಣ್ಣೆ ಪೂರ್ತಿ ತೊಳೀಬೇಕು, ಯಾಕಂದ್ರೆ ಮುಂದೆ ಮೆಹಂದಿ ಇದೆ. ಬಳೆಗಾರರಿಗೆ ದುಡ್ಡಿನ ಜೊತೆ ಎಲೆ ಅಡಿಕೆ, ತೆಂಗಿನಕಾಯಿ, ಅಕ್ಕಿ ಬೆಲ್ಲ ಇಟ್ಟು ಕೊಡಿ, ಊಟ ಮಾಡ್ಸದೇ ಕಳಿಸಬೇಡಿ.

ಮೆಹಂದಿ

ನಮ್ಮಜ್ಜಿ ಕಾಲದಲ್ಲಿ ಗೋರಂಟಿ ಸೊಪ್ಪು ಕಿತ್ಕೊಂಡು ಬಂದು ಹುಣಸೆಹಣ್ಣು ಅಡಿಕೆ ಹಾಕಿ ರುಬ್ಬಿ ಬೆರಳ ತುದಿಗೆ ಟೋಪಿ ಥರ ಹಾಕಿ ಅಂಗೈ ಮಧ್ಯ ಒಂದು ಚಂದ್ರ ಇಡ್ತಿದ್ರು. ಅದು ಈಗಲೂ ಸೊಗಸು, ಚಿಕ್ಕ ಮಕ್ಕಳಿಗೆ ಅದನ್ನೇ ಹಾಕಿ. ಹುಡುಗಿಗೆ ಡಿಸೈನ್ ಬೇಕು ಅಂದ್ರೆ ಹಾಕೋರನ್ನ ಕರ್ಸಿ, ಆದ್ರೆ ಕೋನ್ ಯಾವುದು ಅಂತ ಕೇಳಿ. ಅರ್ಧ ಗಂಟೇಲಿ ಕಪ್ಪಗಾಗತ್ತೆ ಅಂತ ಮಾರೋ ಕಪ್ಪು ಮೆಹಂದೀಲಿ ಪಿಪಿಡಿ ಅನ್ನೋ ಕೂದಲ ಬಣ್ಣದ ಕೆಮಿಕಲ್ ಇರತ್ತೆ, ಕೆಲವ್ರಿಗೆ ಬೊಬ್ಬೆ ಎದ್ದು ಕಲೆನೇ ಉಳಿಯತ್ತೆ. ಪುಡಿ, ನಿಂಬೆರಸ, ಸಕ್ಕರೆ, ನೀಲಗಿರಿ ಎಣ್ಣೆ ಇಷ್ಟರಲ್ಲೇ ಕಲಸಿದ ಕೋನ್ ಫ್ರಿಜ್ಜಲ್ಲೇ ಇಡ್ಬೇಕಾಗತ್ತೆ, ತಿಂಗಳಗಟ್ಟಲೆ ಅಂಗಡಿ ಕಪಾಟಲ್ಲಿ ಕೂರೋದಾದ್ರೆ ಅದ್ರಲ್ಲಿ ಬೇರೇನೋ ಇದೆ ಅಂತ ಅರ್ಥ.

ಮೊಣಕೈವರೆಗೂ ಎರಡೂ ಕೈ ಮತ್ತೆ ಕಾಲು ಅಂದ್ರೆ ನಾಲ್ಕೈದು ಗಂಟೆ ಹಿಡಿಯತ್ತೆ. ಶುರು ಮಾಡೋಕೆ ಮುಂಚೆ ಹೊಟ್ಟೆ ತುಂಬಾ ಊಟ, ಬಾತ್‌ರೂಮ್, ಮುಂದೆ ಗುಂಡಿ ಇರೋ ಸಡಿಲ ಬಟ್ಟೆ, ಬೆನ್ನಿಗೆ ದಿಂಬು. ಬಳೆನ ಮೊಣಕೈ ಕಡೆಗೆ ಏರ್ಸಿ ಬಟ್ಟೆ ಸುತ್ತಿಡಿ ಅಥವಾ ಡಿಸೈನ್ ಬಳೆ ಕೆಳಗೇ ನಿಲ್ಸಿ. ಒಣಗಿದ ಮೇಲೆ ನಿಂಬೆ ಸಕ್ಕರೆ ನೀರು ಹತ್ತೀಲಿ ಒತ್ತಿ, ಆರೆಂಟು ಗಂಟೆ ಬಿಟ್ಟು, ನೀರು ಮುಟ್ಟಿಸದೇ ಕೆರೆದು ಉದುರಿಸಿ ಕೊಬ್ಬರಿ ಎಣ್ಣೆ ಹಚ್ಚಬೇಕು. ಆ ರಾತ್ರಿ ಅವಳಿಗೆ ತುತ್ತು ಮಾಡಿ ತಿನ್ನಿಸೋದು ಅಮ್ಮನೋ ಅಜ್ಜಿನೋ ಆಗಿರ್ಲಿ, ಅದನ್ನ ಫ್ರೆಂಡ್ಸಿಗೆ ಬಿಟ್ಕೊಡಬೇಡಿ. ಬೇರೆಯವ್ರಿಗೆ ಹಾಕೋಕೆ ಮನೇಲೇ ಕೈ ಚೆನ್ನಾಗಿರೋ ಇಬ್ರು ಹುಡುಗೀರು ಇರ್ತಾರೆ, ಅವ್ರಿಗೆ ಒಂದು ಚಾಪೆ, ಒಂದು ಟ್ಯೂಬ್‌ಲೈಟ್, ನಾಲ್ಕು ಕೋನ್ ಕೊಟ್ರೆ ಸಾಕು.

ರಾತ್ರಿ ಹಾಡು, ಆಟ

ಡಿಜೆ ಬೇಕಾ ಬೇಡ್ವಾ ಅಂತ ಎಲ್ಲಾ ಮನೇಲೂ ಜಗಳ ಆಗತ್ತೆ. ಬೇಕಿದ್ರೆ ಇಡಿ, ಆದ್ರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲೇ ಇದೆ, ಪಕ್ಕದ ಮನೇಲಿ ಪರೀಕ್ಷೆಗೆ ಓದೋ ಮಗುನೋ ಹುಷಾರಿಲ್ದಿರೋ ಅಜ್ಜನೋ ಇರ್ತಾರೆ. ನಾವು ಏಳರಿಂದ ಒಂಬತ್ತು ಮಕ್ಕಳ ಡ್ಯಾನ್ಸಿಗೆ ಬಿಟ್ಟು, ಒಂಬತ್ತಕ್ಕೆ ಬಾಕ್ಸ್ ಆಫ್ ಮಾಡಿ, ಅಜ್ಜಿ ಮತ್ತೆ ಊರಿನ ಇಬ್ರು ಹಿರಿಯರನ್ನ ಮಧ್ಯದಲ್ಲಿ ಕೂರ್ಸಿ ಸೋಬಾನೆ ಹಾಡ್ಸಿದ್ವಿ. ಮೊದಲು ಒಲ್ಲೆ ಅಂದ್ರು, ಒಬ್ರು ಶುರು ಮಾಡಿದ ಮೇಲೆ ಇನ್ನೊಬ್ರು ಸೊಲ್ಲು ಹಿಡಿದ್ರು, ನಡುವೆ ಮರೆತ ಸಾಲು ಮೂರನೇವ್ರಿಗೆ ನೆನಪಾಯ್ತು, ಹನ್ನೊಂದಾದ್ರೂ ಯಾರೂ ಏಳಲಿಲ್ಲ. ಇದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಫೋನ್‌ನ ಅಜ್ಜಿ ಹತ್ರನೇ ಇಟ್ಟು ಫ್ಯಾನ್ ಆಫ್ ಮಾಡಿ, ಇಲ್ಲಾಂದ್ರೆ ಬರೀ ಗಾಳಿ ಸದ್ದು ಸಿಗತ್ತೆ. ನಮ್ಮಜ್ಜಿ ಈಗಿಲ್ಲ. ಆ ನಲವತ್ತು ನಿಮಿಷ ಇದೆ.

ಹುಡುಗೀನ ಮಾತ್ರ ಹತ್ತೂವರೆಗೆ ಮಲಗ್ಸಿ. ಯಾರೇನೇ ಅಂದ್ರೂ.

ಅಮೆರಿಕದಲ್ಲೋ ಲಂಡನ್ನಲ್ಲೋ ಇರೋ ಅಕ್ಕ ಅಣ್ಣಂದಿರಿಗೆ ವಿಡಿಯೋ ಕಾಲ್ ಇಡೋದಾದ್ರೆ ಹೊತ್ತು ಲೆಕ್ಕ ಹಾಕಿ. ಬೇಸಿಗೇಲಿ ಇಲ್ಲಿ ಶುಕ್ರವಾರ ಬೆಳಗ್ಗೆ 9 ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಗುರುವಾರ ರಾತ್ರಿ 8.30, ನ್ಯೂಯಾರ್ಕಲ್ಲಿ 11.30, ಲಂಡನ್ನಲ್ಲಿ ಶುಕ್ರವಾರ ಬೆಳಗಿನ ಜಾವ 4.30. ಅಂದ್ರೆ ಅಮೆರಿಕದವ್ರಿಗೆ ಅರಿಶಿನ ಅನುಕೂಲ, ಲಂಡನ್ನವ್ರಿಗೆ ಸಂಜೆ ಮೆಹಂದಿ ಅನುಕೂಲ. ಫೋನ್ ಹಿಡಿಯೋಕೆ ಒಬ್ಬ ಹುಡುಗನ್ನೇ ಇಡಿ, ಅವನು ಸುಮ್ನೆ ತೋರಿಸದೇ ಇದು ಯಾರು, ಈಗ ಏನ್ ನಡೀತಿದೆ ಅಂತ ಹೇಳ್ತಿರ್ಬೇಕು.

ಊಟ, ಕಾಫಿ, ನೀರು

ಮೂರೂ ದಿನ ಮನೇಲೇ ಅಡುಗೆ ಮಾಡ್ತೀವಿ ಅಂತ ಹಟ ಹಿಡಿಯಬೇಡಿ, ಅಮ್ಮ ಚಿಕ್ಕಮ್ಮ ಒಲೆ ಮುಂದೆನೇ ಉಳೀತಾರೆ. ನಾವು ಅಡುಗೆಯವ್ರನ್ನ ಮಧ್ಯಾಹ್ನದ ಊಟಕ್ಕೆ ಮಾತ್ರ ಇಟ್ಟು, ಬೆಳಗ್ಗೆ ಉಪ್ಪಿಟ್ಟು, ಚಿತ್ರಾನ್ನ, ರಾತ್ರಿ ಅನ್ನ ಸಾರು ಹಪ್ಪಳ ಮನೆಯವ್ರು ಸರದಿ ಮೇಲೆ ಮಾಡಿದ್ವಿ. ಅರವತ್ತು ಜನಕ್ಕೆ ಒಂದೂಟಕ್ಕೆ ಆರರಿಂದ ಏಳು ಕೆಜಿ ಅಕ್ಕಿ, ಸಾಂಬಾರಿಗೆ ಎರಡು ಕೆಜಿ ತೊಗರಿಬೇಳೆ ಸರಿಹೋಯ್ತು. ಚಕ್ಕುಲಿ, ಕೋಡುಬಳೆ, ಕಜ್ಜಾಯ ವಾರ ಮುಂಚೆನೇ ಅಕ್ಕಪಕ್ಕದವ್ರ ಜೊತೆ ಕೂತು ಕರ್ದಿಟ್ಕೊಂಡ್ರೆ ಮಧ್ಯೆ ಮಧ್ಯೆ ಬರೋರಿಗೆ ತಟ್ಟೆಗೆ ಹಾಕೋಕೆ ಆಗತ್ತೆ.

ಕಾಫಿ ಜವಾಬ್ದಾರಿ ನಮ್ಮನೇಲಿ ಭಾವನಿಗೆ ಕೊಟ್ಟಿದ್ವಿ, ಚಿಕ್ಕ ಲೋಟ ಆದ್ರೆ ಒಂದು ಲೀಟರ್ ಹಾಲಿಗೆ ಹನ್ನೆರಡು ಕಾಫಿ, ಅರವತ್ತು ಜನ ದಿನಕ್ಕೆ ಮೂರು ಸಲ ಅಂದ್ರೆ ಹದಿನೈದು ಲೀಟರ್ ಹಾಲು. ಡಿಕಾಕ್ಷನ್ ರಾತ್ರಿನೇ ದೊಡ್ಡ ಫಿಲ್ಟರ್‌ಗೆ ಹಾಕಿಡಿ. ಬೇಸಿಗೇಲಿ ಕುಡಿಯೋ ನೀರಿಗೆ 20 ಲೀಟರ್ ಕ್ಯಾನ್ ದಿನಕ್ಕೆ ಹತ್ತು ಬೇಕಾಗತ್ತೆ. ಬಳಸೋ ನೀರು ಮತ್ತೆ ಬಾತ್‌ರೂಮು ಸಿಟೀಲಿ ದೊಡ್ಡ ತಲೆನೋವು, ಎದುರು ಮನೆಯವ್ರನ್ನ ಕೇಳಿ ಒಂದು ಬಾತ್‌ರೂಮ್ ಬಿಟ್ಕೊಡೋಕೆ ಹೇಳಿ, ವಯಸ್ಸಾದವ್ರಿಗೆ ಅದನ್ನೇ ಕೊಡಿ. ನಮಗೆ ಎದುರು ಮನೆ ಆಂಟಿ ಕೀನೇ ಕೊಟ್ಟು ಅವ್ರೂ ಬಂದು ಹೂವು ಕಟ್ಟೋಕೆ ಕೂತ್ರು.

ಹೊರಡೋ ದಿನ

ಒಡವೆ ಲಾಕರ್‌ನಲ್ಲಿದ್ರೆ ಶನಿವಾರ ತರ್ತೀವಿ ಅಂತ ಬಿಡಬೇಡಿ. ಎರಡನೇ ಮತ್ತೆ ನಾಲ್ಕನೇ ಶನಿವಾರ ಬ್ಯಾಂಕ್ ರಜೆ, ಶುಕ್ರವಾರನೇ ಇಬ್ರು ಹೋಗಿ ತನ್ನಿ, ತಂದ ವಿಷಯ ಮನೇಲಿ ಮೂರು ಜನಕ್ಕೆ ಗೊತ್ತಿದ್ರೆ ಸಾಕು. ಟ್ರಂಕ್ ಜೋಡಿಸೋದು ಒಬ್ರು, ಓದಿ ಹೇಳೋದು ಇನ್ನೊಬ್ರು: ತಾಳಿ, ಕಾಲುಂಗುರ, ಧಾರೆ ಸೀರೆ, ಬಾಸಿಂಗ, ಕಳಶದ ಚೊಂಬು, ಜೀರಿಗೆ ಬೆಲ್ಲ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ, ವೀಳ್ಯದೆಲೆ ಒದ್ದೆ ಬಟ್ಟೇಲಿ ಸುತ್ತಿದ್ದು. ತಾಳಿ ಮಾತ್ರ ಟ್ರಂಕಿಗೆ ಹಾಕಬೇಡಿ, ಅಮ್ಮನ ಕೈಚೀಲದಲ್ಲಿ ಇರ್ಲಿ. ಮಾತ್ರೆ ತಗೊಳ್ಳೋ ಹಿರಿಯರು ಮಾತ್ರೆ ಇಟ್ಕೊಂಡ್ರಾ ಅಂತ ಒಬ್ಬೊಬ್ಬರನ್ನೇ ಕೇಳಿ.

ಮನೆದೇವ್ರಿಗೆ ದೀಪ ಹಚ್ಚಿ ಕೈ ಮುಗಿದು, ಹುಡುಗಿ ಮಡಿಲಿಗೆ ಅಕ್ಕಿ ತುಂಬಿ ಹೊರಡ್ಸೋವಾಗ ಎಲ್ರ ಕಣ್ಣೂ ತುಂಬತ್ತೆ, ಆ ಹತ್ತು ನಿಮಿಷಕ್ಕೆ ಯಾರೂ ಅವಸರ ಮಾಡಬೇಡಿ, ಗಾಡಿ ಡ್ರೈವರ್‌ಗೂ ಮೊದಲೇ ಅರ್ಧ ಗಂಟೆ ಹಿಂದಿನ ಟೈಮೇ ಹೇಳಿರಿ. ಮನೆ ಕಾಯೋಕೆ ಒಬ್ರು ನಂಬಿಕಸ್ಥರು ಇರ್ಲಿ, ದೀಪ ಆರೋವರೆಗೂ ಅವ್ರು ಹತ್ರನೇ ಇರ್ಬೇಕು, ಗ್ಯಾಸ್ ಸಿಲಿಂಡರ್ ಆಫ್ ಮಾಡಿ, ಚಪ್ಪರದ ಬಾಳೆಕಂಬದ ಬುಡಕ್ಕೆ ನೀರು ಹಾಕೋಕೆ ಹೇಳಿ, ಭಾನುವಾರ ಸಂಜೆ ಹೊಸ ಜೋಡಿ ವಾಪಸ್ ಬಂದಾಗ ಅದು ಬಾಡಿರಬಾರ್ದು.

ಬಸ್ ಹತ್ತಿದ ಮೇಲೆ ಆ ನೋಟ್‌ಬುಕ್ ತೆಗೆದು ಪುಟ ತಿರುವ್ತಾ ಹೆಸರು ಕೂಗಿ, ಅವ್ರು ಓ ಅನ್ಬೇಕು. ತಂಗಿ ಮದುವೇಲಿ ಹೀಗೆ ಕೂಗ್ತಾ ಕೂಗ್ತಾ ಚಪ್ಪಲಿ ಜೋಡಿಸೋ ಕೆಲಸದ ಪುಟ ಬಂದಾಗ ಯಾರೂ ಓ ಅನ್ನಲಿಲ್ಲ, ಓಡಿ ಹೋಗಿ ನೋಡಿದ್ರೆ ಏಳು ವರ್ಷದ ಹುಡುಗ ರಾತ್ರಿಯೆಲ್ಲಾ ಕುಣಿದು ಚಪ್ಪರದ ಮೂಲೇಲಿ ಚಾಪೆ ಸುರುಳಿ ಒಳಗೆ ನಿದ್ದೆ ಮಾಡ್ತಿದ್ದ, ಹಾಗೇ ಎತ್ಕೊಂಡು ಬಂದು ಚಿಕ್ಕಮ್ಮನ ತೊಡೆ ಮೇಲೆ ಮಲಗಿಸಿ ಬಸ್ ಬಿಟ್ವಿ.